ಐದು ಗಂಟೆಯ ಬೈಗುಳ

ಹೆದರುವ ವಿಷಯದಲ್ಲಿ ನಮ್ಮ ಗುಮಾಸ್ತರು ಭೇದಭಾವ ಮಾಡಿದವರಲ್ಲ. ನಾಯಿಗೂ ಹೆದರುತ್ತಿದ್ದರು, ನಾಯಿಯ ಯಜಮಾನನಿಗೂ ಹೆದರುತ್ತಿದ್ದರು. ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತುತ್ತಿದ್ದರು, ಮೆಟ್ಟಿಲ ತಿರುವಿನಲ್ಲಿ ಯಾರಾದರೂ ಎದುರಾದಾರೆಂದು ಹೆದರಿ ಮುಂಚಿತವಾಗಿಯೇ ಕೆಮ್ಮುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಭಯ ಮನೆಯ ಕರೆಗಂಟೆಯದು. ಅದು ಸದ್ದು ಮಾಡಿತೋ, ಮುಖ ಬಿಳಿಚಿಕೊಂಡು "ಯಾರಿರಬಹುದು?" ಎಂದು ಹೆಂಡತಿಯನ್ನೇ ಕೇಳುವರು, ಆಕೆಗೆ ಗೋಡೆಯಾಚೆಯದೆಲ್ಲ ಕಾಣುತ್ತದೆ ಎಂಬಂತೆ.

ಆಗ ಆಕೆ ಹೇಳುತ್ತಿದ್ದದ್ದು ಒಂದೇ ಮಾತು. "ಸಾಹೇಬರಿಗೆ ಬೈದವರು ನೀವು. ಹೋಗಿ ಬಾಗಿಲು ತೆಗೀರಿ."

ಅಷ್ಟು ಸಾಕಾಗುತ್ತಿತ್ತು. ಗುಮಾಸ್ತರ ಬೆನ್ನು ನೆಟ್ಟಗಾಗುವುದು, ಗಂಟಲು ಸರಿಯಾಗುವುದು, ಹೋಗಿ ಬಾಗಿಲು ತೆಗೆದು ಪೇಪರಿನವನನ್ನು ಸಿಂಹದಂತೆ ನೋಡಿ ಬರುವರು.

ಸಾಹೇಬರಿಗೆ ಬೈದ ಕಥೆ ಇಷ್ಟು. ಗುಮಾಸ್ತರದು ತೂಕ ಮತ್ತು ಅಳತೆಯ ಇಲಾಖೆ. ಅಂಗಡಿಯವರೆಲ್ಲ ತಮ್ಮ ತಕ್ಕಡಿಗಳನ್ನು ತಂದು, ಪರೀಕ್ಷೆ ಮಾಡಿಸಿ, ಮುದ್ರೆ ಹಾಕಿಸಿಕೊಂಡು ಹೋಗುವ ಜಾಗ. ಹದಿನೈದು ವರ್ಷದ ಹಿಂದೆ ಅಲ್ಲಿ ಒಬ್ಬ ಸಾಹೇಬರಿದ್ದರು. ಅವರ ಬಾಯಿಂದ 'ಆಗಲಿ' ಎಂಬ ಪದ ಬಂದದ್ದನ್ನು ಕೇಳಿದವರಿಲ್ಲ. ರಜೆ ಕೊಡುತ್ತಿರಲಿಲ್ಲ, ಸಹಿ ಕೊಡುತ್ತಿರಲಿಲ್ಲ, ಬರೆಯಲು ಕೇಳಿದರೆ ಪೆನ್ಸಿಲನ್ನೂ ಕೊಡುತ್ತಿರಲಿಲ್ಲ. ಒಂದು ದಿನ ಮೂಟೆ ತೂಗುವ ದೊಡ್ಡ ತಕ್ಕಡಿಯೊಂದು ಪರೀಕ್ಷೆಗೆ ಬಂತು. ಪರೀಕ್ಷೆಯ ತೂಕದ ಕಲ್ಲುಗಳನ್ನು ತರಲು ಆಳು ಹೊರಟಾಗ ಸಾಹೇಬರು ತಡೆದರು.

"ಕಲ್ಲು ಯಾಕೆ? ಗುಮಾಸ್ತ್ರೇ, ನೀವೇ ಬಂದು ನಿಂತ್ಕೊಳ್ಳಿ. ನಿಮ್ಮಿಂದ ಇಲಾಖೆಗೆ ಇಷ್ಟಾದ್ರೂ ಉಪಯೋಗ ಆಗ್ಲಿ."

ಗುಮಾಸ್ತರು ನಿಂತರು. ಸಾಹೇಬರು ಬಗ್ಗಿ ನೋಡಿದರು. "ಮುಳ್ಳು ಅಲ್ಲಾಡ್ತಾನೇ ಇಲ್ವಲ್ರೀ! ತಕ್ಕಡಿ ಕೆಟ್ಟಿದೆಯೋ, ಇವರಿಗೆ ತೂಕಾನೇ ಇಲ್ವೋ?"

ಅಂಗಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಮಾಸ್ತರಿಗೆ ತುಂಬ ನೋವಾಯಿತು. ತಲೆ ತಗ್ಗಿಸಿ ನಿಂತಿದ್ದ ಅವರ ಕಣ್ಣಿಗೆ ಕಂಡದ್ದು ತಕ್ಕಡಿಯ ತಗಡಿನ ಮೇಲೆ ಕೊರೆದಿದ್ದ ನಂಬರು ಮಾತ್ರ.

ಆ ಸಂಜೆ ಮನೆಗೆ ಬಂದವರೇ ಕಂಪ್ಯೂಟರ್ ಮುಂದೆ ಕೂತರು. ಆಗ 'ಮಾತಿನ ಡಬ್ಬಿ' ಎಂಬ ವೆಬ್‌ಸೈಟ್ ಇತ್ತು. ಅದರಲ್ಲಿ ನಮ್ಮ ಮಾತನ್ನು ರೆಕಾರ್ಡ್ ಮಾಡಿ, ಯಾರಿಗೆ, ಯಾವ ದಿನ ಮುಟ್ಟಬೇಕೆಂದು ಹೇಳಿದರೆ ಆಯಿತು. ವರ್ಷಗಳಾದ ಮೇಲಾದರೂ ಸರಿಯೇ, ಆ ದಿನ ಅವರ ಫೋನಿಗೆ ಕರೆ ಹೋಗಿ ನಮ್ಮ ದನಿ ಕೇಳಿಸುತ್ತದೆ. ಗುಮಾಸ್ತರು ಕೋಣೆಯ ಬಾಗಿಲು ಹಾಕಿಕೊಂಡು ಸಾಹೇಬರ ಜನ್ಮ ಜಾಲಾಡಿದರು. ತಲುಪುವ ದಿನವನ್ನು ಮಾತ್ರ ಯೋಚಿಸಿ ಆರಿಸಿದರು: ತಾವು ನಿವೃತ್ತರಾಗುವ ದಿನ, ಸಂಜೆ ಐದು ಗಂಟೆ, ಆಫೀಸು ಮುಚ್ಚಿದ ಮೇಲೆ. ಪಿಂಚಣಿಗೆ ಕುಂದು ಬರುವಂಥ ಧೈರ್ಯ ಅವರದಾಗಿರಲಿಲ್ಲ.

ಮರುದಿನ ಈ ಸಂಗತಿಯನ್ನು ಟೈಪಿಸ್ಟಮ್ಮನಿಗೆ ಗುಟ್ಟಾಗಿ ಹೇಳಿದರು. ಆಕೆ ಅಷ್ಟೇ ಗುಟ್ಟಾಗಿ ಇಡೀ ಆಫೀಸಿಗೆ ಹೇಳಿದಳು. ಅಲ್ಲಿಂದ ಮುಂದೆ ಗುಮಾಸ್ತರು ಮನೆಯಲ್ಲೂ ಹೊರಗೂ 'ಸಾಹೇಬರಿಗೆ ಬೈದವರು' ಆಗಿಹೋದರು. ಬೈಗುಳ ಇನ್ನೂ ಮುಟ್ಟಿಲ್ಲವೆಂಬುದು ಕಾಲ ಕಳೆದಂತೆ ಅವರಿಗೇ ಮರೆತುಹೋಯಿತು.

ಹೀಗಿರಲು ಮಗಳು ಒಬ್ಬ ಹುಡುಗನನ್ನು ಮೆಚ್ಚಿದಳು. ಒಳ್ಳೆಯ ಹುಡುಗ, ಒಳ್ಳೆಯ ಕೆಲಸ. ಮಾತುಕತೆಗೆಂದು ಅವರ ಮನೆಗೆ ಹೋದರೆ ಬಾಗಿಲು ತೆರೆದವರು ಯಾರು? ಅದೇ ಸಾಹೇಬರು! ನಿವೃತ್ತರಾಗಿ ಕೂದಲು ಬೆಳ್ಳಗಾಗಿತ್ತು, ಹುಬ್ಬು ಮಾತ್ರ ಹಾಗೇ ಗಂಟಿಕ್ಕಿಕೊಂಡಿತ್ತು. ಆದರೂ ವಿಚಿತ್ರವೆಂದರೆ, ಸಾಹೇಬರು ಯಾವ ತಕರಾರೂ ತೆಗೆಯದೆ ಸಂಬಂಧಕ್ಕೆ ಒಪ್ಪಿಬಿಟ್ಟರು. ಮದುವೆಗೆ ಇನ್ನೆರಡು ವಾರ ಉಳಿದಿತ್ತು.

ಗುಮಾಸ್ತರ ನಿವೃತ್ತಿಯ ದಿನ ಬಂತು. ಬೆಳಗಿನ ಚಹಾದ ಹೊತ್ತಿಗೆ ಟೈಪಿಸ್ಟಮ್ಮ ನಗುನಗುತ್ತಾ ಬಂದಳು. "ಸಾರ್, ಇವತ್ತು ಸಂಜೆ ಐದಕ್ಕಲ್ವಾ ನಿಮ್ಮ ಬೈಗುಳ ಹೋಗೋದು? ಹಳಬರೆಲ್ಲ ಅದೇ ಮಾತಾಡ್ತಿದ್ವಿ."

ಗುಮಾಸ್ತರ ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಮಗುಚಿತು. ಹೊಟ್ಟೆನೋವೆಂದು ಯಾರಿಗೋ ಹೇಳಿ, ಹಾರ ಹಾಕಲು ಕಾದಿದ್ದವರನ್ನು ಹಾಗೇ ಬಿಟ್ಟು, ಮನೆಗೆ ಓಡಿದರು.

ಮನೆಯಲ್ಲಿ ಸಭೆ ಸೇರಿತು. ಹೆಂಡತಿ, ಮಗಳು, ಮತ್ತು ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಭಾವಮೈದ. ಈತ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು, ಆಪರೇಷನ್ನಿಗೆ ಬಂದ ಡಾಕ್ಟರ ಗತ್ತಿನಲ್ಲಿ ಬಂದ.

ವಿಷಯ ತಿಳಿದ ಮಗಳು ಕುರ್ಚಿಯ ಮೇಲೆ ಕುಸಿದಳು. "ಅಪ್ಪಾ! ಅವರು ಹೇಳಿಸ್ಕೊಂಡು ಸುಮ್ಮನಿರೋ ಜನ ಅಲ್ಲ. ಒಂದು ಕರೆಗೆ ಮದುವೆ ನಿಂತುಹೋಗುತ್ತೆ. ಅಂಥದ್ದೇನು ಬೈದಿದ್ದೀರಿ?"

"ಪೂರ್ತಿ ನೆನಪಿಲ್ಲ ಮಗಳೇ. ಅವರ ವಂಶದಿಂದ ಶುರು ಮಾಡಿದ್ದೆ."

"ವಂಶ ಅಂದ್ರೆ ನನ್ನ ಗಂಡನಾಗೋನೂ ಬಂದ್ನಲ್ಲಾ!" ಎಂದು ಅವಳು ಅಳುವುದಕ್ಕೇ ಶುರುಮಾಡಿದಳು.

"ಹೋಗ್ಲಿ ಬಿಡಿ," ಎಂದಳು ಹೆಂಡತಿ. ಆಕೆ ಮಂಚದ ಮೇಲೆ ಕೂತು ಹೊದಿಕೆ ಮಡಿಸುತ್ತಿದ್ದಳು. "ಅದರಲ್ಲಿ ಅಂಥ ಬೈಗುಳ ಏನೂ ಇರಲ್ಲ."

ಇಂಥ ಆಪತ್ತಿನಲ್ಲೂ ಗುಮಾಸ್ತರಿಗೆ ಆ ಮಾತು ನಾಟಿತು. "ಏನೂ ಇರಲ್ವಾ? ಕೇಳಿದ್ರೆ ಕಿವಿಯಲ್ಲಿ ರಕ್ತ ಬರಬೇಕು, ಹಾಗೆ ಬೈದಿದ್ದೀನಿ ಕಣೇ!"

"ಅಳಿಸೋದು ಒಂದು ನಿಮಿಷದ ಕೆಲಸ ಭಾವ," ಎಂದ ಭಾವಮೈದ. "ಪಾಸ್‌ವರ್ಡ್ ಹೇಳಿ."

ಅದು ಗುಮಾಸ್ತರಿಗೆ ನೆನಪಿತ್ತು. ಆ ತಕ್ಕಡಿಯ ತಗಡಿನ ಮೇಲಿದ್ದ ನಂಬರು! ಅದನ್ನು ಈ ಜನ್ಮದಲ್ಲಿ ಮರೆಯುವುದುಂಟೇ? ಹೇಳಿದರು. ಭಾವಮೈದ ಒತ್ತಿದ. 'ಪಾಸ್‌ವರ್ಡ್ ತಪ್ಪಾಗಿದೆ' ಎಂದಿತು ಡಬ್ಬಿ. ಮತ್ತೆ ಒತ್ತಿದ. ಮತ್ತೆ ತಪ್ಪು.

"ನೀವು ಮರೆತಿದ್ದೀರಿ ಭಾವ."

"ಮರೆತಿಲ್ಲ ಕಣೋ! ಅದೇ ನಂಬರು!"

"ಎಲ್ಲರೂ ಹೀಗೇ ಹೇಳೋದು. ಅಂಗಡಿಗೆ ದಿನಾ ಬರ್ತಾರೆ, ಅದೇ ಅದೇ ಅಂತಾರೆ. ವಯಸ್ಸಾದ ಮೇಲೆ ಇದೆಲ್ಲ ಸಹಜ."

ಲೋಕವೇ ಒಂದು ಕಡೆಯಾದಾಗ ಒಬ್ಬ ಗುಮಾಸ್ತರು ಎಷ್ಟು ಹೊತ್ತು ನಿಂತಾರು? ತಾವು ಮರೆತಿದ್ದೇವೆಂದೇ ಒಪ್ಪಿಕೊಂಡರು. ಹೆಂಡತಿ ಆಗಲೇ ಮಡಿಸಿಟ್ಟ ಹೊದಿಕೆಯನ್ನು ಬಿಡಿಸಿ ಮತ್ತೆ ಮಡಿಸತೊಡಗಿದಳು.

'ಪಾಸ್‌ವರ್ಡ್ ಮರೆತಿರಾ?' ಎಂಬಲ್ಲಿ ಒತ್ತಿದರೆ ಡಬ್ಬಿ ಒಂದು ಪ್ರಶ್ನೆ ಕೇಳಿತು. ಭಾವಮೈದ ಗಟ್ಟಿಯಾಗಿ ಓದಿದ: "ನಿಮ್ಮ ಅತ್ಯಂತ ಪ್ರೀತಿಪಾತ್ರ ವ್ಯಕ್ತಿ ಯಾರು?"

ಹೆಂಡತಿಯ ಕೈ ಹೊದಿಕೆಯ ಮೇಲೆ ನಿಂತಿತು.

"ಅಕ್ಕನ ಹೆಸರೇ ತಾನೆ?" ಎಂದು ಒತ್ತಿದ. ತಪ್ಪು. ಗುಮಾಸ್ತರ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಮಗಳ ಹೆಸರು ಹಾಕಿದರು, ತಪ್ಪು. ತೀರಿಹೋದ ಅಮ್ಮನ ಹೆಸರು ಹಾಕಿದರು, ಅದೂ ತಪ್ಪು.

"ಇನ್ಯಾರೂ ಇದ್ರಾ?" ಎಂದು ಹೆಂಡತಿ ಮೆಲ್ಲಗೆ ಕೇಳಿದಳು.

"ಅಯ್ಯೋ, ಯಾರೂ ಇಲ್ವೇ!" ಎಂದರು ಗುಮಾಸ್ತರು. ಸಾಹೇಬರ ಭಯದ ಮೇಲೆ ಈಗ ಮನೆಯ ಭಯವೂ ಸೇರಿಕೊಂಡಿತು.

"ಇನ್ನೊಂದೇ ಅವಕಾಶ ಭಾವ. ಇದೂ ತಪ್ಪಾದ್ರೆ ಡಬ್ಬಿ ಮುಚ್ಚಿಹೋಗುತ್ತೆ. ಯೋಚನೆ ಮಾಡಿ. ಆಫೀಸಿನ ಅರ್ಜಿಯಲ್ಲಿ ಇಂಥ ಪ್ರಶ್ನೆ ಬಂದ್ರೆ ಏನು ಬರೀತೀರಿ?"

ಗುಮಾಸ್ತರ ಮುಖದಲ್ಲಿ ಏನೋ ಹೊಳೆದಂತಾಯಿತು. ಮರುಕ್ಷಣವೇ ಆ ಮುಖ ಕಪ್ಪಿಟ್ಟಿತು. ಮೂವತ್ತು ವರ್ಷ ಅರ್ಜಿ ತುಂಬಿದ ಕೈ ಅದು. ಏನು ಬರೆಯಬೇಕೆಂದು ತಿಳಿಯದ ಕಾಲಂ ಎದುರಾದರೆ ತಲೆಯನ್ನು ಕೇಳದೆ ತಾನೇ ಬರೆದುಬಿಡುತ್ತಿತ್ತು. ಅವರು ಭಾವಮೈದನ ಕಿವಿಯಲ್ಲಿ ಉಸುರಿದರು. ಆ ಪುಣ್ಯಾತ್ಮ ಅದನ್ನೂ ಗಟ್ಟಿಯಾಗಿಯೇ ಹೇಳುತ್ತಾ ಒತ್ತಿದ: "ಅ-ನ್ವ-ಯಿ-ಸು-ವು-ದಿ-ಲ್ಲ."

'ಉತ್ತರ ಸರಿಯಾಗಿದೆ' ಎಂದು ಹಸಿರು ಅಕ್ಷರ ಮೂಡಿತು.

"ಅತ್ಯಂತ ಪ್ರೀತಿಪಾತ್ರ ವ್ಯಕ್ತಿ, ಅನ್ವಯಿಸುವುದಿಲ್ಲ," ಎಂದಳು ಹೆಂಡತಿ. "ತುಂಬ ಚೆನ್ನಾಗಿದೆ." ಹೊದಿಕೆಯನ್ನು ಮಂಚದ ಮೇಲೆ ಎತ್ತಿ ಒಗೆದಳು.

ಗುಮಾಸ್ತರು ಏನಾದರೂ ಹೇಳುವ ಮೊದಲೇ ಡಬ್ಬಿ ಇನ್ನೊಂದು ಹೆಜ್ಜೆ ಮುಂದಿಟ್ಟಿತ್ತು. ಅಕೌಂಟ್ ತೆರೆಯುವಾಗ ಕೊಟ್ಟ ಮೊಬೈಲ್ ನಂಬರಿಗೆ ಒಂದು ಕೋಡು ಕಳಿಸುತ್ತೇನೆ, ಅದನ್ನು ಒತ್ತಿ, ಎಂದಿತು. ನಂಬರಿನ ಕೊನೆಯ ಅಂಕಿಗಳೂ ಕಂಡವು. ಗುಮಾಸ್ತರು ಅವನ್ನು ನೋಡಿ ಗೋಡೆ ಹಿಡಿದುಕೊಂಡರು.

ಅವರ ಆಫೀಸಿನಲ್ಲಿ ಒಂದು ಪದ್ಧತಿಯಿತ್ತು. ಯಾವ ಕಾಗದದಲ್ಲೇ ಆಗಲಿ, ಸಂಪರ್ಕದ ನಂಬರು ಎಂದರೆ ಸಾಹೇಬರ ನಂಬರು. ಬೇರೆಯವರ ನಂಬರು ಬರೆದರೆ ಕಾಗದ ವಾಪಸ್ ಬರುತ್ತಿತ್ತು. ಸಾಹೇಬರ ವಂಶವನ್ನೆಲ್ಲ ಬೈದು ಮುಗಿಸಿದ ಆ ಸಂಜೆಯೂ ಕೈ ತನ್ನ ಪದ್ಧತಿಯನ್ನು ಬಿಟ್ಟಿರಲಿಲ್ಲ. ಬೈಗುಳ ಹೋಗಬೇಕಾದ ನಂಬರೂ ಸಾಹೇಬರದೇ, ಅದನ್ನು ತಡೆಯುವ ಕೋಡು ಬರುವ ನಂಬರೂ ಸಾಹೇಬರದೇ!

ಅಷ್ಟು ಹೊತ್ತಿಗೆ ಕರೆಗಂಟೆ ಸದ್ದಾಯಿತು. ಗುಮಾಸ್ತರು ಹೌಹಾರಿ ಹೆಂಡತಿಯತ್ತ ನೋಡಿದರು. ಈ ಸಲ ಆಕೆ ಏನೂ ಅನ್ನಲಿಲ್ಲ. ಮಗಳೇ ಹೋಗಿ ತೆಗೆದಳು. ಬಂದವರು ಪಕ್ಕದ ಮನೆಯ ನಿವೃತ್ತ ಪೊಲೀಸಪ್ಪ. ಅಳುವ ಸದ್ದು ಕೇಳಿ ಬಂದಿದ್ದರು; ಕೂತು, ವಿಷಯವನ್ನೆಲ್ಲ ಕೇಳಿಕೊಂಡು, ಮೀಸೆ ಸವರಿದರು.

"ಫೋನಲ್ಲಿ ಬೈಗುಳ. ಅದೂ ಮೊದಲೇ ಪ್ಲಾನ್ ಮಾಡಿ, ಹದಿನೈದು ವರ್ಷ ಕಾದು." ತಲೆಯಾಡಿಸಿದರು. "ಸಿಟ್ಟಲ್ಲಿ ಬೈದ್ರೆ ಬಿಟ್ಟುಬಿಡ್ತಾರೆ. ಇದು ಹಂಗಲ್ಲ. ಒಳಗೆ ಹಾಕ್ತಾರೆ."

"ಏನು ಮಾಡಬೇಕು ಸಾರ್?" ಗುಮಾಸ್ತರ ದನಿ ಇಲಿಯದಾಗಿತ್ತು.

"ಏನಿಲ್ಲ. ತೆಳ್ಳಗಿನ ಒಂದು ಹಾಸಿಗೆ ರೆಡಿ ಮಾಡಿಟ್ಕೊಳ್ಳಿ. ಅಲ್ಲಿ ನೆಲ ತಣ್ಣಗಿರುತ್ತೆ," ಎಂದು ಧೈರ್ಯ ಹೇಳಿ ಹೋದರು.

ಅಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಉಳಿದದ್ದು ಒಂದೇ ದಾರಿ. ಗುಮಾಸ್ತರು ಸಾಹೇಬರ ಮನೆಗೆ ಹೋಗಿ ಕೂರುವುದು. ಭಾವಮೈದ ತನ್ನ ಅಂಗಡಿಯಿಂದ ಕೋಡು ಕಳಿಸುವುದು. ಅದು ಸಾಹೇಬರ ಫೋನಿಗೆ ಬಂದೊಡನೆ ಏನೋ ನೆಪ ಹೇಳಿ ಕೇಳಿಕೊಂಡು ಅವನಿಗೆ ತಿಳಿಸುವುದು. "ನಾನೂ ಬರ್ತೀನಿ," ಎಂದು ಹೆಂಡತಿ ಚಪ್ಪಲಿ ಮೆಟ್ಟಿಕೊಂಡಳು. ಮಗಳೂ ಕಣ್ಣೊರೆಸಿಕೊಂಡು ಹೊರಟಳು.

ಸಾಹೇಬರ ಮನೆ ತಲುಪಿದಾಗ ಐದಕ್ಕೆ ಸ್ವಲ್ಪವೇ ಹೊತ್ತಿತ್ತು. ಸಾಹೇಬರು ಸೋಫಾದ ಮೂಲೆಯಲ್ಲಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಮುಖ ಬಾಡಿತ್ತು.

"ಏನು ಗುಮಾಸ್ತ್ರೇ... ಅಂದ್ರೆ, ಬೀಗರೇ. ಏನು ಇಷ್ಟೊತ್ನಲ್ಲಿ? ಅದೂ ಇವತ್ತು?"

"ಏನಿಲ್ಲ ಸಾರ್. ಸುಮ್ನೆ, ನೋಡ್ಕೊಂಡು ಹೋಗೋಣ ಅಂತ," ಎನ್ನುತ್ತಾ ಗುಮಾಸ್ತರು ಕೂತರು. ಕೂತದ್ದು ಸಾಹೇಬರ ಕನ್ನಡಕದ ಮೇಲೆ. ಅದು ಪಟ್ಟೆಂದಿತು.

ಆಗ ಸಾಹೇಬರ ಫೋನು ಟಣ್ ಎಂದಿತು. ಸಾಹೇಬರೂ ಬೆಚ್ಚಿದರು, ಗುಮಾಸ್ತರೂ ಬೆಚ್ಚಿದರು.

"ಯಾವುದೋ ಕೋಡು ಬಂದಿದೆ," ಎಂದರು ಸಾಹೇಬರು, ಕಣ್ಣು ಕಿರಿದು ಮಾಡಿ.

"ಅದು ನನ್ನದು ಸಾರ್! ತಪ್ಪಿ ನಿಮಗೆ ಬಂದಿದೆ. ದಯಮಾಡಿ ಹೇಳಿಬಿಡಿ."

"ಯಾರಿಗೂ ಹೇಳಬೇಡಿ ಅಂತ ಇದರಲ್ಲೇ ಬರೆದಿದೆಯಲ್ರೀ."

"ನನಗೆ ಹೇಳಬಹುದು ಸಾರ್."

"ಯಾರಿಗೂ ಅಂದ್ರೆ ಯಾರಿಗೂ. ನಾನು ಸರ್ವಿಸಿನಲ್ಲಿ ಯಾರಿಗೂ ಏನೂ ಕೊಟ್ಟವನಲ್ಲ, ಈಗ ಕೊಡ್ತೀನಾ? ಅಷ್ಟಕ್ಕೂ ಇದು ಏನಕ್ಕೆ? ಬರವಣಿಗೆಯಲ್ಲಿ ಕೊಡಿ."

ಗುಮಾಸ್ತರು ಕಾಗದ ಪೆನ್ನು ತೆಗೆದು, ಎದ್ದು ನಿಂತು, ಗೋಡೆಗೆ ಇಟ್ಟುಕೊಂಡು ಅರ್ಜಿ ಬರೆದರು. ಸಾಹೇಬರು ಅದನ್ನು ಒಡೆದ ಕನ್ನಡಕದ ಒಂದೇ ಗಾಜಿನಿಂದ ಓದಿದರು.

"'ವಿಷಯ' ಅಂತ ಬರೆದು ಮುಂದೆ ಏನೂ ಬರೆದಿಲ್ಲ."

"ಅದನ್ನ ಹೇಳೋ ಹಾಗಿಲ್ಲ ಸಾರ್."

"ವಿಷಯ ಇಲ್ಲದ ಅರ್ಜಿ ತಿರಸ್ಕೃತ."

"ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ ಸಾರ್!" ಎಂದು ಗುಮಾಸ್ತರು ನಿಜವಾಗಿಯೂ ಬಗ್ಗಿದರು. ಸಾಹೇಬರು ಕಾಲನ್ನು ಸೋಫಾದ ಮೇಲೆ ಎಳೆದುಕೊಂಡು, ಫೋನನ್ನು ಎದೆಗೆ ಅವುಚಿಕೊಂಡು, "ಕೊಡಲ್ಲ, ಕೊಡಲ್ಲ!" ಎಂದು ಕೂಗಿದರು. ಇಷ್ಟು ದೊಡ್ಡ ಮನುಷ್ಯ ಹೀಗೇಕೆ ನಡುಗುತ್ತಿದ್ದಾರೆಂದು ಮಗಳು ಬಿಟ್ಟಗಣ್ಣಿಂದ ನೋಡಿದಳು.

ಗೋಡೆಯ ಗಡಿಯಾರ ಐದು ಬಾರಿಸಿತು. ಫೋನು ರಿಂಗಾಯಿತು.

ಇಬ್ಬರು ಗಂಡಸರೂ ಆ ಫೋನನ್ನು ಹಾವು ನೋಡಿದಂತೆ ನೋಡಿದರು. ಅಡುಗೆಮನೆಯಿಂದ ಸಾಹೇಬರ ಹೆಂಡತಿ ಬಂದು, "ಎತ್ತಬಾರದೇನ್ರೀ, ಯಾವಾಗಿಂದ ಬಡ್ಕೋತಿದೆ," ಎಂದು ತಾವೇ ಒತ್ತಿದರು. ಸಾಹೇಬರಿಗೆ ಕಿವಿ ಮಂದ, ಅದಕ್ಕೆ ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತಿತ್ತು. ಗುಮಾಸ್ತರು ಎರಡೂ ಕಿವಿ ಮುಚ್ಚಿಕೊಂಡು ಕಣ್ಣನ್ನೂ ಮುಚ್ಚಿಕೊಂಡರು.

ಆದರೂ ಕೇಳಿಸಿತು. ಗಂಡಸಿನ ದನಿಯಲ್ಲ.

"ಸಾಹೇಬರಿಗೆ ನಮಸ್ಕಾರ. ನಾನು ಗುಮಾಸ್ತರ ಹೆಂಡತಿ. ನಿನ್ನೆ ಅವರು ಇದರಲ್ಲಿ ಏನೋ ಹೇಳಿದ್ರು, ಅದನ್ನ ನಾನು ಅಳಿಸಿಬಿಟ್ಟೆ. ಅವರಿಗೆ ಗೊತ್ತಿಲ್ಲ. ನನಗೆ ಬೈಯೋಕೆ ಬರಲ್ಲ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ನೀವು ಅವರನ್ನ ತಕ್ಕಡಿ ಮೇಲೆ ನಿಲ್ಲಿಸಿ, ಮುಳ್ಳು ಅಲ್ಲಾಡ್ಲಿಲ್ಲ ಅಂದ್ರಂತೆ. ಊರಿನ ತಕ್ಕಡಿಗೆಲ್ಲ ಮುದ್ರೆ ಹಾಕೋರು ನೀವು. ಹಾಗೆ ಸುಳ್ಳು ಹೇಳಬಾರದಿತ್ತು."

ಹಿಂದಿನಿಂದ ಪುಟ್ಟ ಹುಡುಗಿಯೊಬ್ಬಳು "ಅಮ್ಮಾ, ಯಾರ ಹತ್ರ ಮಾತಾಡ್ತಿದ್ದೀಯಾ?" ಎಂದದ್ದು ಕೇಳಿಸಿತು. ಸೋಫಾದ ಪಕ್ಕ ನಿಂತಿದ್ದ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

"ಇರು ಪುಟ್ಟಿ. ... ಸಾಹೇಬರೇ, ಅವರ ತೂಕ ನಿಮಗೆ ಗೊತ್ತಿಲ್ಲ. ನನಗೆ ಗೊತ್ತು. ಈ ಮನೆಯೆಲ್ಲ ಅವರ ಮೇಲೇ ನಿಂತಿದೆ. ಇಷ್ಟೇ ಹೇಳಬೇಕಾಗಿತ್ತು. ಹೊತ್ತು ಹೊತ್ತಿಗೆ ಊಟ ಮಾಡಿ. ಇಡ್ತೀನಿ."

ಕರೆ ಕಟ್ಟಾಯಿತು. ಎಲ್ಲರೂ ಗುಮಾಸ್ತರ ಹೆಂಡತಿಯ ಕಡೆ ತಿರುಗಿದರು. ಆಕೆ ಕಿಟಕಿಯ ಪರದೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು.

ಮೊದಲು ಬಾಯಿಬಿಟ್ಟವರು ಸಾಹೇಬರ ಹೆಂಡತಿ. "ಇದಕ್ಕೇನ್ರೀ ನೀವು ಬೆಳಿಗ್ಗೆಯಿಂದ ಅನ್ನ ಮುಟ್ಟದೆ ಕೂತಿದ್ದು? ಫೋನ್ ಆಫ್ ಮಾಡಿ ಅಂದ್ರೆ, ಆಫ್ ಮಾಡಿದ್ರೆ ಹೆದರಿದ ಹಾಗಾಗುತ್ತೆ ಅಂತ ಬೇರೆ!"

"ನಿಮಗೆ... ನಿಮಗೆ ಗೊತ್ತಿತ್ತಾ ಸಾರ್?" ಎಂದರು ಗುಮಾಸ್ತರು.

"ಟೈಪಿಸ್ಟಮ್ಮ ಆವಾಗಲೇ ಹೇಳಿದ್ಲು." ಸಾಹೇಬರು ಅತ್ತಿತ್ತ ನೋಡಿದರು. "ಹದಿನೈದು ವರ್ಷದಿಂದ ಈ ದಿನಾನೇ ಕಾಯ್ತಿದ್ದೀನಿ ಕಣ್ರೀ. ಎಲ್ಲಿ ಯಾರ ಮುಂದೆ ಬೈಸ್ಕೋಬೇಕಾಗುತ್ತೋ ಅಂತ. ಈಗ ಆ ಕೋಡು ಕೊಟ್ರೆ ಬೈಗುಳ ಇನ್ನೂ ಬೇಗ ಬಂದುಬಿಡುತ್ತೆ ಅಂದ್ಕೊಂಡೆ."

ಸಾಹೇಬರು ಒಡೆದ ಕನ್ನಡಕವನ್ನು ಕೈಯಲ್ಲಿ ತಿರುಗಿಸುತ್ತಾ, ನೆಲ ನೋಡುತ್ತಾ ಹೇಳಿದರು.

"ಆ ತಕ್ಕಡಿ ಸರಿಯಾಗೇ ಇತ್ತು ಬೀಗರೇ. ಮುಳ್ಳು ಅಲ್ಲಾಡಿತ್ತು. ನಾನು ನೋಡಿದ್ದೆ."

"ಪರವಾಗಿಲ್ಲ ಸಾರ್," ಎಂದರು ಗುಮಾಸ್ತರು.

ಸಾಹೇಬರು ಗುಮಾಸ್ತರ ಹೆಂಡತಿಯನ್ನೂ ಮಗಳನ್ನೂ ಒಮ್ಮೆ ನೋಡಿದರು. "ಮಗಳೂ ಅಮ್ಮನ ಥರಾನೇನಾ?"

"ಹೌದು ಸಾರ್."

"ಹಾಗಾದ್ರೆ ಮದುವೆಗೆ ಮುಂಚೇನೇ ನನ್ನ ಮಗನಿಗೆ ಒಂದು ಮಾತು ಹೇಳಿಟ್ಟಿರ್ತೀನಿ." ಮಗಳು ಅಳುತ್ತಲೇ ನಕ್ಕಳು. ಸಾಹೇಬರು ಎದ್ದು, "ಏನೇ, ಊಟಕ್ಕೆ ಹಾಕು," ಎಂದು ಹೆಂಡತಿಗೆ ಹೇಳಿ, ಬಾಗಿಲ ತನಕ ಬಂದು ಬೀಳ್ಕೊಟ್ಟರು. "ಆದ್ರೂ ಆ ಕೋಡು ಕೊಡಲ್ಲ," ಎಂದರು ಕೊನೆಗೆ.

ಮಗಳು ಹುಡುಗನಿಗೆ ಫೋನ್ ಮಾಡುತ್ತಾ ಹಿಂದೆ ಉಳಿದಳು. ಗಂಡ ಹೆಂಡತಿ ಮುಂದೆ ನಡೆದರು. ಬಹಳ ದೂರ ಹೋದ ಮೇಲೆ ಗುಮಾಸ್ತರು ಕೇಳಿದರು.

"ಪಾಸ್‌ವರ್ಡ್ ಬದಲಾಯಿಸಿದ್ದು ನೀನೇನಾ?"

"ಹೂಂ. ನೀವು ಅದನ್ನ ತೆರೆದಿಟ್ಟೇ ಆಫೀಸಿಗೆ ಹೋಗಿದ್ರಿ."

"ಬೆಳಿಗ್ಗೇನೇ ಹೇಳೋದಲ್ವಾ?"

"ಹೇಳೋಣ ಅಂದ್ರೆ ಆ ಹೊಸ ಪಾಸ್‌ವರ್ಡ್ ನನಗೂ ಮರೆತುಹೋಗಿದೆ. ಬೆಳಿಗ್ಗೆಯಿಂದ ಜ್ಞಾಪಿಸ್ಕೊಳ್ತಾನೇ ಇದ್ದೀನಿ."

ಗುಮಾಸ್ತರು ಇನ್ನಷ್ಟು ದೂರ ನಡೆದರು. "ನಾನು ಬೈದದ್ದನ್ನ ಯಾಕೆ ಅಳಿಸಿದೆ? ಅಷ್ಟು ಕೆಟ್ಟದಾಗಿತ್ತಾ?"

ಆಕೆ ರಸ್ತೆ ದಾಟಿದ ಮೇಲೆ ಹೇಳಿದಳು. "ಬೈದದ್ದು ಚೂರೇ ಚೂರು. ಆಮೇಲೆಲ್ಲ ಅಳ್ತಾನೇ ಇದ್ರಿ. ಅದನ್ನ ಅವರು ಯಾಕೆ ಕೇಳಬೇಕು?"

ಮನೆಗೆ ಬಂದು ಇಬ್ಬರೂ ಕೂತರು. ಕಾಲು ಚಾಚಿ ಉಸಿರು ಬಿಡುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಗುಮಾಸ್ತರ ಮುಖ ಅಭ್ಯಾಸಬಲದಿಂದ ಬಿಳಿಚಿಕೊಂಡಿತು. ಹೆಂಡತಿಯ ಬಾಯಿ ಅಭ್ಯಾಸಬಲದಿಂದ "ಸಾಹೇಬರಿಗೆ ಬೈದವರು..." ಎಂದು ಶುರುಮಾಡಿ ಅಲ್ಲಿಗೇ ನಿಂತಿತು.

"ಬೈದವಳು ನೀನು," ಎಂದರು ಗುಮಾಸ್ತರು. "ಹೋಗಿ ಬಾಗಿಲು ತೆಗಿ."

ಆಕೆ ನಗುತ್ತಾ ಎದ್ದು ಹೋಗಿ ತೆಗೆದಳು. ಹೊರಗೆ ಭಾವಮೈದ, ಕಂಕುಳಲ್ಲಿ ಅದೇ ಲ್ಯಾಪ್‌ಟಾಪು, ಮುಖದಲ್ಲಿ ಮಾತ್ರ ಗಾಬರಿ.

"ಏನಾಯ್ತು ಭಾವ? ಕಾದು ಕಾದು ಸಾಕಾಯ್ತು. ಇನ್ನೊಂದು ಸಲ ಕೋಡು ಕಳಿಸ್ಲಾ?"

"ಕೋಡು ಇರಲಿ, ಒಳಗೆ ಬಾ," ಎಂದರು ಗುಮಾಸ್ತರು, ಹೆಂಡತಿಯ ಕಡೆ ನೋಡದೆ. "ಆ ಪ್ರೀತಿಪಾತ್ರ ವ್ಯಕ್ತಿಯ ಕಾಲಂನಲ್ಲಿ ಒಂದು ತಿದ್ದುಪಡಿ ಆಗಬೇಕಾಗಿದೆ."